ಉತ್ತರಕ್ಕೆ ಕಾಯುತ್ತಿದ್ದ ಉದ್ಘೋಷಕಿ

ಮೈಕಿನ ಮುಂದೆ ಕೂತು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ಬಂದೇ ಬರುವುದೆಂದು ಕಾಯುತ್ತಿದ್ದವರನ್ನು ನಾನು ಕಂಡಿರುವುದು ಒಬ್ಬರನ್ನೇ, ನಮ್ಮ ಅರಸೀಕೆರೆ ರೇಡಿಯೋ ನಿಲಯದ ಕಮಲಾಕ್ಷಮ್ಮನವರನ್ನು. "ಕಾಫಿ ಆಯ್ತೇನ್ರೀ?" ಎನ್ನುವರು, ಬೇಲೂರಿನ ಅಂಗಡಿಯಾತನೋ ಬಿಕ್ಕೋಡಿನ ಎಸ್ಟೇಟಿನ ಹೆಣ್ಣಾಳೋ ಆಯಿತೆನ್ನುವಷ್ಟು ಹೊತ್ತು ಸುಮ್ಮನಿರುವರು, ಆಮೇಲೆ ಕೇಳಿಸಿದವರಂತೆ ತಲೆಯಾಡಿಸಿ ಆ ದಿನದ ಕೊಬ್ಬರಿ ಧಾರಣೆಯನ್ನು ಓದತೊಡಗುವರು. ಪ್ರಸಾರದಲ್ಲಿ ಮೌನವೆಂಬುದು ಮಹಾಪರಾಧವೆಂದು ಕಲಿತುಬಂದ ಸಹೋದ್ಯೋಗಿ ನಾನು. ಅವರ ಅಪರಾಧವನ್ನೇ ಊರೆಲ್ಲ ಮೆಚ್ಚುವುದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು.

ಸ್ಟುಡಿಯೋದ ತಂಪಿಗೆಂದು ಸೀರೆಯ ಮೇಲೆ ಗಂಡಸರ ಕಂದು ಕೋಟು ತೊಟ್ಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ, ಓಲಾಡುತ್ತ ಬರುವರು. ಆದರೂ ಎಂದೂ ತಡವಾದವರಲ್ಲ. ಒಮ್ಮೆ ಹಳೇಬೀಡಿನ ಶಿಲ್ಪಗಳ ಮೇಲೆ ನಾನು ತಿಂಗಳುಗಟ್ಟಲೆ ತಿದ್ದಿ ತೀಡಿದ ರೇಡಿಯೋ ರೂಪಕ ಪ್ರಸಾರವಾಯಿತು. ಆದಿ ಅಂತ್ಯದ ಉದ್ಘೋಷಣೆ ಮಾತ್ರ ಅವರದು. ಮರುದಿನ ಬಸ್ತಿಹಳ್ಳಿಯ ತಮ್ಮಯ್ಯನೆಂಬ ರೈತ ನಿಲಯವನ್ನು ಹುಡುಕಿಕೊಂಡು ಬಂದ. ಅಭಿನಂದನೆಗೆ ಸಿದ್ಧನಾಗಿ ಎದ್ದು ನಿಂತೆ. "ಅಮ್ಮಾರು ನೆನ್ನೆ ಕೆಮ್ತಿದ್ರು. ಜೇನುತುಪ್ಪ ತಂದಿವ್ನಿ" ಎಂದ. ರೂಪಕದ ಮಾತೇ ಎತ್ತಲಿಲ್ಲ.

ಮಧ್ಯಮ ತರಂಗದ ಪ್ರಸಾರವನ್ನು ಶಾಶ್ವತವಾಗಿ ನಿಲ್ಲಿಸಿ ನಮ್ಮ ನಿಲಯವನ್ನೇ ಮುಚ್ಚುವ ಆದೇಶ ಕಳೆದ ವರ್ಷ ಬಂತು. ಕೊನೆಯ ಉದ್ಘೋಷಣೆ ನನ್ನದಾಗಬೇಕೆಂದು ನಾನು ನಾಚಿಕೆ ಬಿಟ್ಟು ಆಸೆಪಟ್ಟೆ. ಇಷ್ಟು ವರ್ಷ ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಾಪಾಡಿದವನಿಗೆ ಅಷ್ಟಾದರೂ ಸಲ್ಲಬೇಡವೆ? ನಿರ್ದೇಶಕರು ಕಮಲಾಕ್ಷಮ್ಮನವರ ಹೆಸರು ಹೇಳಿದರು. ಪಕ್ಕದಲ್ಲೇ ಇದ್ದ ಆಕೆ ನನ್ನ ಮುಖ ನೋಡಿದರು.

"ನೀವೇ ಹೇಳಿ ಸಾರ್. ನಿಮ್ ಕನ್ನಡ ಚೆಂದಾಗೈತೆ. ನಂಗೆ ಅಳು ಬಂದ್ಬುಡ್ತೈತೆ."

ಹೇಳಿದೆ. ಒಂದಕ್ಷರವೂ ಜಾರಲಿಲ್ಲ. ಕೆಂಪು ದೀಪ ಆರಿದೊಡನೆ ಫೋನು ಬಡಿದುಕೊಂಡಿತು; ನಾನೇ ಓಡಿಹೋಗಿ ಎತ್ತಿಕೊಂಡೆ. "ಕಮಲಾಕ್ಷಮ್ಮಾರು ಯಾಕ್ ಮಾತಾಡ್ಲಿಲ್ಲ ಸಾರ್, ಹುಷಾರಾಗವ್ರಾ?" ಎಂದಿತು ಒಂದು ದನಿ. ಎರಡನೆಯ ಕರೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ನಿಲಯ ಮುಚ್ಚಿದ್ದನ್ನೂ ಯಾರೂ ವಿಚಾರಿಸಲಿಲ್ಲ. ರಿಸೀವರನ್ನು ಕಮಲಾಕ್ಷಮ್ಮನವರ ಕೈಗಿತ್ತು ಹೊರಗೆ ಬಂದೆ.

ಕೆಲವರು ಹೀಗೆಯೇ. ಜನರ ಅಕ್ಕರೆಯನ್ನು ಬಯಸದೆಯೇ ಪಡೆಯುತ್ತಾರೆ, ಪಡೆದದ್ದರ ಅರಿವೂ ಇಲ್ಲದೆ ಎದುರಿಗಿದ್ದವರಿಗೆ ಎತ್ತಿ ಕೊಟ್ಟುಬಿಡುತ್ತಾರೆ. ಕೊಟ್ಟರೂ ಅದು ನಮ್ಮದಾಗುವುದಿಲ್ಲ. ತಮ್ಮನ್ನು ದ್ವೇಷಿಸಲು ಇಂಥವರು ಒಂದೇ ಒಂದು ಕಾರಣವನ್ನಾದರೂ ಒದಗಿಸಬಾರದೇ ಎಂದು ನನ್ನಂಥವರು ಜೀವಮಾನವಿಡೀ ಹಂಬಲಿಸುತ್ತೇವೆ. ಅದೊಂದು ಉಪಕಾರವನ್ನು ಮಾತ್ರ ಅವರು ಮಾಡುವುದಿಲ್ಲ.