ನೋಡಬೇಕಾದ್ದು

ಆ ಕತ್ತಲೆಕೋಣೆಯಲ್ಲಿ ಒಂದೇ ಒಂದು ಮಾತಿಗೆ ನಿಷೇಧವಿತ್ತು. ಬೈಗುಳವಾದರೆ ಬಾಯಿಗೆ ಬಂದಷ್ಟು ಬೈಯಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ‘ಕೆಟ್ಟದ್ದು’ ಎನ್ನುವ ಮಾತು ಮಾತ್ರ ಯಜಮಾನರ ಸೊತ್ತು.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿದ್ದರು. ಗೋಡೆಗೆ ತಾಗಿದ ಬೆಂಚಿನ ಮೇಲೆ ಸಾಲಾಗಿ ತಗಡಿನ ಡಬ್ಬಗಳು. ಪ್ರತಿ ಡಬ್ಬದೊಳಗೆ ಒಂದು ಬಲ್ಬು, ಮುಂದೆ ಒಂದು ತೂತು. ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಹಿಡಿದು ಒಮ್ಮೆ ತಿರುಗಿಸಿದರೆ ಒಳಗಿನದು ಕಾಣುತ್ತದೆ. ತಿಳಿಯಾಗಿದ್ದರೆ ಬಿಳಿ ಟ್ರೇಗೆ. ನೆರಳು ಕಂಡರೆ ನೀಲಿ ಟ್ರೇಗೆ. ನೀಲಿ ಟ್ರೇಗೆ ಹೋದದ್ದು ‘ನೋಡಬೇಕಾದ್ದು’. ಅದನ್ನು ಯಜಮಾನರು ತಮ್ಮ ದೀಪಕ್ಕೆ ಹಿಡಿದು ನೋಡಿ, ಕೆಟ್ಟಿದ್ದರೆ ಜೇಬಿನ ಕೆಂಪು ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದರು. ಆ ಪೆನ್ಸಿಲನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ.

“ನನ್ನ ಗಂಡಾನೂ ನೋಡಬೇಕಾದ್ದೇ ಕಣಕ್ಕಾ. ಗೀಟು ಎಳೆಯೋರು ಸಿಕ್ಕಿಲ್ಲ, ಅಷ್ಟೆ” ಎನ್ನುತ್ತಿದ್ದಳು ಪಕ್ಕದ ಡಬ್ಬದವಳು. ಬಾಯಿ ಮುಚ್ಚದ ಅವಳನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಅವಳು ‘ಅಕ್ಕಾ’ ಎನ್ನುತ್ತಿದ್ದವಳನ್ನೂ ಹೆಸರು ಹಿಡಿದು ಕರೆಯುವವರಿರಲಿಲ್ಲ. ತೀರಿಕೊಂಡ ಅಪ್ಪ ಚರ್ಚಿನಲ್ಲಿ ಉಪದೇಶಿಯಾಗಿದ್ದರು, ಹಾಗಾಗಿ ಇವಳು ಉಪದೇಶಿ ಮಗಳು.

ಚಿಕ್ಕಂದಿನಲ್ಲಿ ಅಪ್ಪ, ದೇವರು ಬೇಡವೆಂದ ಹಣ್ಣನ್ನು ಮೊದಲ ಗಂಡಹೆಂಡಿರು ತಿಂದ ಆ ತೋಟದ ಕತೆ ಹೇಳುತ್ತಿದ್ದರು. “ಹಣ್ಣಲ್ಲಿ ವಿಷ ಇರ್ಲಿಲ್ಲ ಮಗಳೇ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೇಳೋ ಹಕ್ಕು ದೇವರದ್ದು. ಅದಕ್ಕೆ ಕೈ ಹಾಕಿದ್ರು, ಅದೇ ತಪ್ಪು.”

“ತಿನ್ನೋಕೆ ಮುಂಚೆ ಒಳ್ಳೇದು ಕೆಟ್ಟದ್ದು ಗೊತ್ತೇ ಇರ್ಲಿಲ್ಲ ಅಂದ್ಮೇಲೆ, ತಿನ್ನೋದು ಕೆಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕಿತ್ತಪ್ಪಾ?”

ಅಪ್ಪ ಬೈಯಲಿಲ್ಲ. ಮುಖ ಬಿಳುಚಿಕೊಂಡಿತು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು, “ಇದನ್ನ ಇನ್ನೊಂದ್ಸಲ ಕೇಳ್ಬೇಡ” ಎಂದರು ಸಣ್ಣ ದನಿಯಲ್ಲಿ. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ. ಅವಳು ಮತ್ತೆಂದೂ ಕೇಳಲಿಲ್ಲ. ಈ ಕೋಣೆಯ ಕೆಲಸ ಅವಳಿಗೆ ಹಿಡಿಸಿದ್ದೂ ಅದಕ್ಕೇ ಇರಬೇಕು. ಪೆನ್ಸಿಲು ಇನ್ನೊಬ್ಬರ ಜೇಬಿನಲ್ಲಿದ್ದರೆ ನಮಗೆ ಕಣ್ತುಂಬ ನಿದ್ದೆ.

ಹನ್ನೆರಡು ವರ್ಷ ಹಾಗೇ ನಡೆಯಿತು. ಆಮೇಲೆ ಈ ಬೆಳಿಗ್ಗೆ ಬಂತು.

ಆಸ್ಪತ್ರೆಯ ಅಡುಗೆಮನೆಗೆ ಇಪ್ಪತ್ತೊಂದು ಟ್ರೇ ಹೋಗಬೇಕಿತ್ತು. ಇಪ್ಪತ್ತು ಟ್ರೇ ವ್ಯಾನಿಗೇರಿದ್ದವು, ಒಂದು ಕಮ್ಮಿ. ಯಜಮಾನರು ಅವಳ ನೀಲಿ ಟ್ರೇಯನ್ನು ಅವಸರದಲ್ಲಿ ನೋಡಿ ಹಾಗೇ ವಾಪಸು ಕೊಟ್ಟರು. ಮೂವತ್ತರಲ್ಲಿ ಒಂದಕ್ಕೂ ಗೀಟಿಲ್ಲ.

“ಎಲ್ಲಾ ಸರಿಯಿದೆ. ಇದನ್ನೂ ಆಸ್ಪತ್ರೆಗೆ ಹಾಕಮ್ಮಾ.” ಇಷ್ಟು ಹೇಳಿ ಕೋಟನ್ನು ಕುರ್ಚಿಗೆ ನೇತುಹಾಕಿ ಕೈತೊಳೆಯಲು ಹೊರಗೆ ಹೋದರು.

ಆ ಟ್ರೇಯಲ್ಲಿ ಮೂರು ಮೊಟ್ಟೆಗಳು ಬೆಳಕನ್ನೇ ಒಳಗೆ ಬಿಟ್ಟಿರಲಿಲ್ಲ. ಅವಳೇ ಕಣ್ಣಾರೆ ನೋಡಿದ್ದಳು. ಆ ಆಸ್ಪತ್ರೆಯಲ್ಲೇ ಅವಳ ತಂಗಿ ಹೆತ್ತು ಮಲಗಿದ್ದಳು. ರಕ್ತ ಹೋಗಿ ಬಸವಳಿದಿದ್ದಾಳೆ, ದಿನಕ್ಕೆರಡು ಮೊಟ್ಟೆ ತಿನ್ನಿಸಿ ಎಂದು ಡಾಕ್ಟರು ನಿನ್ನೆಯಷ್ಟೇ ಹೇಳಿದ್ದರು.

“ಇದು ಕಪ್ಪಗಿದೆ ಕಣೇ” ಎಂದಳು ಗಿಣಿಗೆ.

“ಹೇಳು ಹೋಗಿ.”

“ನಾನು ಹೇಗೆ ಹೇಳ್ಲಿ?”

“ಹಾಗಾದ್ರೆ ಗೀಟು ಎಳೆದ್ಬಿಡಕ್ಕಾ. ಪೆನ್ಸಿಲು ಕೋಟಲ್ಲೇ ಇದೆ. ಕೈ ಏನೂ ಬಿದ್ದೋಗಲ್ಲ.”

ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಚೋಟುದ್ದದ ಪೆನ್ಸಿಲು, ಹಿಂಭಾಗ ಹಲ್ಲಿನಿಂದ ಕಚ್ಚಿ ಕಚ್ಚಿ ಜಜ್ಜಿಹೋಗಿತ್ತು. ಅವಳು ಮೂರು ಗೀಟು ಎಳೆದಳು. ಕೈ ಬಿದ್ದುಹೋಗಲಿಲ್ಲ. ತಿರುಗಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

“ಇವು ಕೆಟ್ಟದ್ದು ಅಂತ ನಿಂಗೆ ಯಾರು ಹೇಳಿದ್ರು?”

ಈ ಪ್ರಶ್ನೆಯನ್ನು ಅವಳು ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿರಲಿಲ್ಲ! ಹಣ್ಣು ತಿಂದವನನ್ನು ದೇವರು ಕೇಳುವುದು: ನೀನು ಬೆತ್ತಲೆ ಎಂದು ನಿನಗೆ ಯಾರು ಹೇಳಿದರು? ಆ ಗಂಡಸು ಹೆಂಡತಿಯತ್ತ ಬೆರಳು ತೋರಿಸಿದ್ದನ್ನು ಕೇಳಿದಾಗಲೆಲ್ಲ ಅವಳು ನಕ್ಕಿದ್ದುಂಟು. ಈಗ ಅವಳದೇ ಬಾಯಿ ತೆರೆದುಕೊಂಡಿತು.

“ಗಿಣಿ... ಗಿಣಿ ಎಳಿ ಅಂದ್ಲು.”

ಪಕ್ಕದ ಡಬ್ಬದ ಮುಂದೆ ಮೊಟ್ಟೆ ತಿರುಗುವುದು ನಿಂತಿತು. ನಾಚಿಕೆಯಿಂದ ಉಪದೇಶಿ ಮಗಳ ಕಿವಿ ಬಿಸಿಯಾಯಿತು.

ಯಜಮಾನರು ಕೂಗಾಡಲಿಲ್ಲ. ಬಟ್ಟಲು ತಂದು, ಗೀಟು ಬಿದ್ದ ಒಂದು ಮೊಟ್ಟೆಯನ್ನು ಅದರ ಅಂಚಿಗೆ ಕುಟ್ಟಿದರು. ಕಪ್ಪು ನೀರು ಸುರಿಯಿತು. ಕೋಣೆಯೆಲ್ಲ ಗಬ್ಬು ನಾತ.

“ನಂಗೆ ಕಾಣ್ಲಿಲ್ಲ ನೋಡು. ನೀನೇ ಸರಿ.”

ಒಂದು ಗಳಿಗೆ ಅವಳಿಗೆ ಹಿಗ್ಗಾಯಿತು. ಸುಳ್ಳು ಯಾಕೆ, ಬಹಳ ಹಿಗ್ಗಾಯಿತು. ಅಷ್ಟರಲ್ಲಿ ಅವರು ಅದರ ಪಕ್ಕದ್ದನ್ನು ಎತ್ತಿಕೊಂಡರು. ಅದಕ್ಕೆ ಗೀಟಿರಲಿಲ್ಲ. ಕುಟ್ಟಿದರು. ಹಸಿರು ತಿರುಗಿದ ಲೋಳೆ ಬಟ್ಟಲಿಗೆ ಇಳಿಯಿತು, ಅದೇ ನಾತ.

“ಇದಕ್ಯಾಕೆ ಎಳೀಲಿಲ್ಲ?”

“ಅದು... ಸಣ್ಣ ನೆರಳಿತ್ತು ಅಷ್ಟೆ, ಇಷ್ಟು ಅಂತ ಕಾಣ್ಲಿಲ್ಲ ಯಜಮಾನ್ರೇ.”

“ಹೂಂ. ನಂಗೂ ಹೀಗೇ ಎಷ್ಟೋ ಕಂಡಿಲ್ಲ. ಎಷ್ಟು ಅಂತ ಲೆಕ್ಕ ಸಿಗಲ್ಲ. ಆ ಭಾರಾನೆಲ್ಲ ನಾನೊಬ್ಬನೇ ಮನೆಗೆ ಹೊತ್ಕೊಂಡು ಹೋಗ್ತಿದ್ದೆ. ‘ಕೆಟ್ಟದ್ದು’ ಅನ್ನೋ ಮಾತು ನನ್ನ ಹತ್ರ ಇಟ್ಕೊಂಡಿದ್ದು ಜಂಬಕ್ಕೆ ಅಂದ್ಕೊಂಡ್ಯಾ?”

ಅವಳು ಪೆನ್ಸಿಲನ್ನು ಮುಂದೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಕೋಟು ಹಾಕಿಕೊಳ್ಳುತ್ತ, “ಬೇಡಮ್ಮಾ. ಒಂದ್ಸಲ ಎಳೆದ್ಮೇಲೆ ವಾಪಸು ಕೊಡೋಕಾಗಲ್ಲ. ಇನ್ಮೇಲೆ ನೀನೇ ಹೇಳು” ಎಂದು ಹೊರಟೇಹೋದರು. ಬಾಗಿಲು ಮುಚ್ಚಿತು.

ನೀಲಿ ಟ್ರೇಯನ್ನು ಅವಳು ಕಸದ ಡ್ರಮ್ಮಿಗೆ ಸುರಿದಳು. ಅದು ಸುಲಭ. ಆದರೆ ವ್ಯಾನಿನೊಳಗೆ ಇನ್ನೂ ಇಪ್ಪತ್ತು ಟ್ರೇ ಇದ್ದವು. ತಿಳಿಯಾಗಿವೆ ಎಂದು ತಾನೇ ದಾಟಿಸಿದ್ದು, ಆರುನೂರು ಮೊಟ್ಟೆ. ಅವುಗಳಲ್ಲಿ ಕಾಣದ್ದು ಎಷ್ಟು? ತಂಗಿಯ ತಟ್ಟೆಗೆ ಬೀಳುವುದು ಯಾವುದು? ಒಡೆಯದೆ ಗೊತ್ತಾಗುವುದಿಲ್ಲ, ಒಡೆದರೆ ಕಳಿಸಲಿಕ್ಕೆ ಏನೂ ಉಳಿಯುವುದಿಲ್ಲ. ಹನ್ನೆರಡು ವರ್ಷದ ಟ್ರೇಗಳು ಒಂದೊಂದಾಗಿ ನೆನಪಿಗೆ ಬರತೊಡಗಿದವು. ಅಪ್ಪ ಯಾವ ಹೆದರಿಕೆಗೆ ಅವತ್ತು ಕಿಟಕಿ ಮುಚ್ಚಿದರೆಂದು ಈಗ ಅರ್ಥವಾಯಿತು.

ಡ್ರೈವರು ಬಾಗಿಲು ತಟ್ಟಿದ. “ಅಮ್ಮಾ, ವ್ಯಾನ್ ಬಿಡ್ಲಾ? ನಿಮ್ಮನ್ನೇ ಕೇಳು ಅಂದ್ರು ಯಜಮಾನ್ರು.”

ಪೆನ್ಸಿಲು ಬೆವರಿಗೆ ಅಂಟಿ ಬೆರಳೆಲ್ಲ ಕೆಂಪಾಗಿತ್ತು. ಹನ್ನೆರಡು ವರ್ಷದ ಅಭ್ಯಾಸ, ಬಾಯಿ ತಾನಾಗಿ ಅಂದಿತು: “ನೋಡ್ಬೇಕು.”

ಅಷ್ಟು ಹೊತ್ತಿನಿಂದ ಸುಮ್ಮನಿದ್ದ ಗಿಣಿ ಕತ್ತಲಲ್ಲಿ ಇವಳ ಕಡೆ ತಿರುಗಿದಳು.

“ಯಾರು?”