ಅಮ್ಮನ ಹೆಸರಿನ ಪಾಸ್‌ವರ್ಡ್

ಸಂದರ್ಶನ ಗುರುವಾರ ಮಧ್ಯಾಹ್ನ ಎರಡು ಗಂಟೆಗಿತ್ತು. ಅದು ನಮ್ಮ ದ್ವೀಪ ತರಾವಾದ ಎರಡು ಗಂಟೆ. ಬ್ರಿಸ್ಬೇನಿನಲ್ಲಿ ಆಗ ಹನ್ನೆರಡು. ನನ್ನ ಮಗಳು ಅಕೆನೆತೆ ಎರಡೂ ಸಮಯಗಳನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದ್ದಳು. ಅವಳು ಇಲ್ಲಿನ ಆಸ್ಪತ್ರೆಯಲ್ಲಿ ಒಂಬತ್ತು ವರ್ಷಗಳಿಂದ ದಾದಿ. ಆಸ್ಟ್ರೇಲಿಯಾದ ಒಂದು ವೃದ್ಧಾಶ್ರಮ ಮೂರು ಸುತ್ತಿನ ಆಯ್ಕೆ ನಡೆಸಿತ್ತು. ಇದು ಕೊನೆಯ ಸುತ್ತು. ಅವಳ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯ ಅವಧಿ ಜೂನ್‌ಗೆ ಮುಗಿಯುತ್ತಿತ್ತು. ಮತ್ತೆ ಬರೆಯಬೇಕೆಂದರೆ ವಿಮಾನ ಹತ್ತಿ ಫಿಜಿಗೆ ಹೋಗಬೇಕು. ಒಮ್ಮೆ ಹೋಗಿಬರಲು ನಾವು ಮೂರು ವರ್ಷ ಕೂಡಿಟ್ಟಿದ್ದೆವು.

ಲ್ಯಾಪ್‌ಟಾಪ್ ನನ್ನ ಹೆಂಡತಿ ಪಾಠ ಮಾಡುವ ಶಾಲೆಯದು, ಎರಡು ದಿನಕ್ಕೆ ಕೇಳಿ ತಂದದ್ದು. ನೆಟ್ ನನ್ನ ಫೋನಿನದು. ನಮ್ಮ ಮನೆಯ ತಗಡಿನ ಮಾಡಿನ ಕೆಳಗೆ ಸಿಗ್ನಲ್ ಬರುವುದಿಲ್ಲ. ಅಂಗಳದಲ್ಲಿ, ಸಮುದ್ರದ ಹಿನ್ನೀರಿನ ಕಡೆಗೆ ನಮ್ಮ ಬುಯಾ ಇದೆ: ಕಂಬಗಳ ಮೇಲೆ ಎತ್ತಿ ಕಟ್ಟಿದ, ನಾಲ್ಕೂ ಕಡೆ ತೆರೆದ ಜಗಲಿ. ಅದರ ಮೂಲೆಯ ಕಂಬದಲ್ಲಿ, ಆಳೆತ್ತರದಲ್ಲಿ ಮಾತ್ರ ಸಿಗ್ನಲ್ ಪೂರ್ತಿ ಸಿಗುತ್ತದೆ. ಅಲ್ಲಿ ಫೋನನ್ನು ಚೀಲದಲ್ಲಿ ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಒಳಗೆ ಲ್ಯಾಪ್‌ಟಾಪ್ ಇಟ್ಟು ಬುಧವಾರವೇ ಪರೀಕ್ಷಿಸಿದ್ದೆವು. ನಡುವಿನ ದೂರ ಏಳು ಮೀಟರ್. ಚಿತ್ರ ಸ್ಪಷ್ಟವಾಗಿ ಬಂತು. ಒಂದು ಜಿಬಿ ಸಾಕೆಂದು ಅಕೆನೆತೆ ಹೇಳಿದಳು. ಎರಡು ಹಾಕಿಸಿದೆವು.

ಸಂದರ್ಶನದ ವಿಷಯ ಮನೆಯ ಮೂವರಿಗೆ ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ತಿಳಿಸಬಾರದೆಂದು ನಿರ್ಧರಿಸಿದವನು ನಾನು. ನಮ್ಮಲ್ಲಿ ಬುಬುಸಿ ಎಂಬುದಿದೆ. ಸಂಬಂಧಿಕರು ಬಂದು, ಕುಳಿತು, ಬುಬುಸಿ ಎಂದು ಏನನ್ನಾದರೂ ಕೇಳಿದರೆ ಇಲ್ಲವೆನ್ನುವಂತಿಲ್ಲ; ಇಲ್ಲವೆಂದವನು ಊರ ಸಭಾಮಂಟಪದಲ್ಲಿ ತಲೆ ಎತ್ತುವಂತಿಲ್ಲ. ಕಳೆದ ವರ್ಷ ನೆರೆಮನೆಯ ಹುಡುಗಿ ಹಣ್ಣು ಕೀಳುವ ಕೆಲಸಕ್ಕೆ ಹೊರಟಾಗ, ವಿಮಾನ ಹತ್ತುವ ಮೊದಲೇ ಹನ್ನೊಂದು ಫೋನು, ನಾಲ್ಕು ಜೊತೆ ಶೂ, ಒಂದು ಹೊಲಿಗೆ ಯಂತ್ರ ಕಳಿಸಲು ಒಪ್ಪಿಯಾಗಿತ್ತು. ನಮಗೆ ಹಾಗಾಗುವುದು ಬೇಡವೆಂದುಕೊಂಡೆ.

ಎರಡು ಗಂಟೆಗೆ ಇನ್ನೂ ಹದಿನೈದು ನಿಮಿಷವಿದ್ದಾಗ ಅಣ್ಣ ಬುರೆಯ್ಮೊವಾ ಬಂದ. ಅವನಿಗೆ ಅರವತ್ತೆಂಟು. ಇಪ್ಪತ್ತೆರಡು ವರ್ಷ ಜರ್ಮನ್ ಹಡಗುಗಳಲ್ಲಿ ದುಡಿದವನು. ಅವನ ಬೆನ್ನಿಗೆ, ಹಡಗಿನಲ್ಲಿ ಜೊತೆಗೆ ದುಡಿದ ಇಬ್ಬರು ಮುದುಕರಿದ್ದರು. ಮೂವರೂ ಒಗೆದ ಅಂಗಿ ತೊಟ್ಟಿದ್ದರು. ಬಾಗಿಲು ಮುಚ್ಚಿದ್ದನ್ನು ನೋಡಿ ಅಣ್ಣ ಕೇಳಿದ:

"ಏನೋ, ಹಗಲೊತ್ತಲ್ಲಿ ಬಾಗಿಲು ಹಾಕ್ಕೊಂಡಿದೀರಿ?"

"ಅಕೆನೆತೆ ಮಲಗಿದಾಳೆ ಅಣ್ಣ. ರಾತ್ರಿ ಪಾಳಿ ಇತ್ತು," ಎಂದೆ.

ಅದು ಸುಳ್ಳು. ಆ ದಿನದ ಮೊದಲನೆಯದು.

ಮೂವರೂ ಬುಯಾ ಹತ್ತಿ ಕುಳಿತರು. ಅಣ್ಣ ಕಂಬದಲ್ಲಿದ್ದ ಚೀಲ ನೋಡಿದ.

"ಫೋನನ್ನ ಮೀನಿನ ಥರ ಒಣಗಿಸ್ತಾ ಇದೀಯಲ್ಲೋ."

"ಸಿಗ್ನಲ್ ಅಲ್ಲೇ ಬರೋದು."

"ಅದಕ್ಕೇ ಬಂದೆ ತಮ್ಮ. ನಮ್ಮ ಬೋಸನ್ ತೀರ್ಕೊಂಡ. ಫಿಜಿಯ ಸುವಾದಲ್ಲಿ. ಎರಡು ಗಂಟೆಗೆ ಮಣ್ಣು. ಚರ್ಚ್‌ನೋರು ಫೋನಲ್ಲಿ ತೋರಿಸ್ತಾರಂತೆ." ಅವನ ದನಿ ತಗ್ಗಿತು. "ಬುಬುಸಿ. ನಿನ್ನ ನೆಟ್ ಕೊಡು. ಒಂದು ಗಂಟೆ ಸಾಕು."

ಬೋಸನ್ ಅಂದರೆ ಹಡಗಿನ ಮೇಲಾಳು. ಉತ್ತರ ಸಮುದ್ರದಲ್ಲಿ ಅಣ್ಣ ಹಗ್ಗಕ್ಕೆ ಸಿಕ್ಕಿಬಿದ್ದಾಗ ಎಳೆದು ಉಳಿಸಿದವನು ಅವನೇ. ಈ ಕತೆಯನ್ನು ನಮ್ಮ ಮನೆಯ ಎಲ್ಲರೂ ಬಲ್ಲರು.

ನಾನು ಹೇಳಬಹುದಾಗಿದ್ದದ್ದು ಒಂದೇ ವಾಕ್ಯ. 'ಒಳಗೆ ಮಗಳ ಸಂದರ್ಶನವಿದೆ.' ಹೇಳಲಿಲ್ಲ.

"ತಗೋ ಅಣ್ಣ," ಎಂದೆ.

"ಪಾಸ್‌ವರ್ಡ್?"

"ತೆರೊಬಾ. ಆಮೇಲೆ 1931."

"ಅಮ್ಮನ ಹೆಸರಾ!" ಅವನ ಮುಖ ಅರಳಿತು. "ಅಮ್ಮ ಹುಟ್ಟಿದ್ದು ಮೂವತ್ತೆರಡರಲ್ಲಿ ಕಣೋ. ಇಡೀ ಜನ್ಮ ರೇಡಿಯೊಗೆ ಸುದ್ದಿ ಬರೆದೋನು, ಹೆತ್ತೋಳ ಇಸವಿ ತಪ್ಪು!"

"ಚರ್ಚ್ ಪುಸ್ತಕದಲ್ಲಿ ಮೂವತ್ತೊಂದೇ ಇದೆ."

"ಆ ಪುಸ್ತಕ ಬರೆದ ಪಾದ್ರಿಗೆ ಕಣ್ಣು ಕಾಣ್ತಿರಲಿಲ್ಲ."

ಮುದುಕರು ನಕ್ಕರು. ಅವರಲ್ಲೊಬ್ಬ ತನ್ನ ಫೋನನ್ನೂ ತೆಗೆದ. "ಇವನ ಫೋನಲ್ಲಿ ಹೆಣ ಇರುವೆ ಥರ ಕಾಣುತ್ತೆ. ನನ್ನದರಲ್ಲೂ ಹಾಕ್ಕೋತೀನಿ." ಮೂರನೆಯವನು, "ಹಾಗಾದ್ರೆ ನಾನ್ಯಾಕೆ ಇಣುಕಲಿ?" ಎಂದ. ನಾನು ಕಂಬದ ಬಳಿ ಹೋಗಿ ಚೀಲದಿಂದ ಫೋನಿನ ಮುಖ ಹೊರಗೆ ಮಾಡಿದೆ. ಲ್ಯಾಪ್‌ಟಾಪ್ ಸೇರಿ ನಾಲ್ಕು ಸಾಧನಗಳು.

ಎರಡು ಗಂಟೆಗೆ, ಬಾಗಿಲ ಬಳಿ ನಿಂತಿದ್ದ ನನಗೆ ಒಳಗಿನಿಂದ ಅಕೆನೆತೆಯ ಇಂಗ್ಲಿಷ್ ಸಣ್ಣಗೆ ಕೇಳಿಸಿತು. ಅದೇ ಹೊತ್ತಿಗೆ ಸುವಾದಲ್ಲಿ ಹಾಡು ಶುರುವಾಯಿತು. ಮೂರು ಫೋನುಗಳಲ್ಲಿ ಅದು ಒಂದರ ಹಿಂದೊಂದು, ಅರ್ಧ ಸಾಲು ತಡವಾಗಿ ಬರುತ್ತಿತ್ತು. ಮುದುಕರೂ ದನಿಗೂಡಿಸಿದರು.

ಎರಡು ಹನ್ನೆರಡಕ್ಕೆ ಬಾಗಿಲು ಬೆರಳಷ್ಟು ತೆರೆಯಿತು.

"ಅಪ್ಪಾ, ಚಿತ್ರ ನಿಂತು ನಿಂತು ಬರ್ತಿದೆ. ಫೋನ್ ನೋಡು," ಎಂದು ಅಕೆನೆತೆ ಪಿಸುಗುಟ್ಟಿದಳು.

"ಬಂತು, ಬಂತು," ಎಂದೆ.

"ಎದ್ದುಬಿಟ್ಟಳಾ ಮಗು? ನಮ್ಮ ಗಲಾಟೆ," ಎಂದು ಅಣ್ಣ ದನಿ ತಗ್ಗಿಸಿದ.

ನಾನು ಮತ್ತೆ ಕಂಬದ ಬಳಿ ನಿಂತೆ. ಸಾಧನಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ 'ತಡೆ' ಎಂಬ ಗುಂಡಿ ಇತ್ತು. ಮೂರು ಸಲ ಒತ್ತಿದರೆ ಮುಗಿಯುತ್ತಿತ್ತು. ಸಿಗ್ನಲ್ ಹೋಯಿತೆಂದು ಹೇಳಿದ್ದರೆ ಅವರು ನಂಬುತ್ತಿದ್ದರು. ಇಲ್ಲಿ ಸಿಗ್ನಲ್ ದಿನಕ್ಕೆ ಹತ್ತು ಸಲ ಹೋಗುತ್ತದೆ. ಅಣ್ಣನ ಹೆಸರಿನ ಮೇಲೆ ಬೆರಳು ತಂದೆ. ತಿರುಗಿ ನೋಡಿದಾಗ ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದ. ಶವಪೆಟ್ಟಿಗೆಯನ್ನು ಹೊರಗೆ ತರುತ್ತಿದ್ದರು. ನಾನು ಬೆರಳು ತೆಗೆದೆ.

ಎರಡು ಮೂವತ್ತೊಂದಕ್ಕೆ ಫೋನ್ ಒಮ್ಮೆ ನಡುಗಿತು. ಡೇಟಾ ಮುಗಿದಿದೆ ಎಂಬ ಸಂದೇಶ. ಮೂರು ಹಾಡುಗಳೂ ಒಟ್ಟಿಗೆ ನಿಂತವು.

"ಮಣ್ಣು ಹಾಕೋ ಹೊತ್ತಿಗೇ ಹೋಯ್ತಲ್ಲೋ," ಎಂದ ಒಬ್ಬ.

ಬಾಗಿಲು ಪೂರ್ತಿ ತೆರೆಯಿತು. ಅಕೆನೆತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೂದಲು ಬಿಗಿದು ಕಟ್ಟಿ ನಿಂತಿದ್ದಳು. ಮೂರು ಮುದುಕರನ್ನು, ಮೂರು ಫೋನುಗಳನ್ನು, ಕೊನೆಗೆ ನನ್ನನ್ನು ನೋಡಿದಳು. ನಾನು ಅಂಗಡಿಗೆ ಓಡಿದೆ. ಹೋಗಿ, ಮತ್ತೆ ಎರಡು ಜಿಬಿ ರೀಚಾರ್ಜ್ ಮಾಡಿಸಿ ಬರಲು ಹನ್ನೊಂದು ನಿಮಿಷ ಹಿಡಿಯಿತು. ಮರಳಿದಾಗ ಮುದುಕರಿರಲಿಲ್ಲ. ಲ್ಯಾಪ್‌ಟಾಪ್ ಮತ್ತೆ ಸಂಪರ್ಕ ಪಡೆಯಿತು. ಆ ಕಡೆ ಯಾರೂ ಇರಲಿಲ್ಲ.

ಸೋಮವಾರ ಉತ್ತರ ಬಂತು. ನಾಲ್ಕು ಸಾಲು, ಸಭ್ಯವಾದ ಭಾಷೆ. ಉಳಿದ ಅಭ್ಯರ್ಥಿಗಳ ಸಂದರ್ಶನ ಪೂರ್ಣಗೊಂಡಿದೆ, ಮುಂದಿನ ಆಯ್ಕೆಗೆ ಮೊದಲ ಸುತ್ತಿನಿಂದ ಅರ್ಜಿ ಹಾಕಬಹುದು. ಮುಂದಿನ ಆಯ್ಕೆ ನವೆಂಬರಿನಲ್ಲಿ. ಅಂಕಪಟ್ಟಿ ಜೂನಿಗೇ ಮುಗಿಯುತ್ತದೆ.

ವಿಷಯ ಅಣ್ಣನ ಕಿವಿಗೂ ಬಿತ್ತು. ಮರುದಿನ ಬೆಳಿಗ್ಗೆ ಅವನು ಎರಡು ಟ್ಯೂನಾ ಮೀನು ಹಿಡಿದು ಬಂದ. ಈ ಸಲ ಬುಯಾ ಹತ್ತಲಿಲ್ಲ.

"ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

"ನೀನು ಬುಬುಸಿ ಅಂದೆ ಅಣ್ಣ."

"ಬುಬುಸಿ ಅಂದೆ. ಒಳಗೆ ಮಗು ಪರೀಕ್ಷೆಗೆ ಕೂತಿದಾಳೆ ಅಂದಿದ್ರೆ, ನನ್ನ ಬುಬುಸಿ ನಾನೇ ವಾಪಸ್ ತಗೋತಿದ್ದೆ. ಆ ಕಂಬದ ಕೆಳಗೆ ಕೂತು ಒಂದು ನಾಯೀನೂ ಬೊಗಳದ ಹಾಗೆ ನೋಡ್ಕೋತಿದ್ದೆ." ಮೀನನ್ನು ಮೆಟ್ಟಿಲ ಮೇಲಿಟ್ಟ. "ನಾನು ಏನಾದ್ರೂ ಕೇಳಿಬಿಡ್ತೀನಿ ಅಂತ ಬಚ್ಚಿಟ್ಟೆ. ಅಲ್ವಾ?"

ನಾನು ಮೀನನ್ನು ಎತ್ತಿಕೊಂಡೆ.

"ದೊಡ್ಡಪ್ಪ, ಅನ್ನಕ್ಕೆ ಇಟ್ಟಿದೀನಿ, ಊಟ ಮಾಡ್ಕೊಂಡು ಹೋಗಿ," ಎಂದು ಒಳಗಿನಿಂದ ಅಕೆನೆತೆ ಕರೆದಳು. ಅವನು ಊಟ ಮಾಡಿದ. ಅವಳು ಬಡಿಸಿದಳು. ಬಳಿಕ ಸಮವಸ್ತ್ರ ತೊಟ್ಟು ಆಸ್ಪತ್ರೆಗೆ ಹೊರಟವಳು, ಬಸ್ಸು ಬರುವವರೆಗೆ ನನ್ನ ಪಕ್ಕ ನಿಂತಿದ್ದಳು.

"ಅವತ್ತು ನಿಂಗೆ ಗೊತ್ತಿತ್ತಾ ಅಪ್ಪ, ನೆಟ್ ಯಾಕೆ ನಿಲ್ತಿದೆ ಅಂತ?"

"ಗೊತ್ತಿತ್ತು."

"ಬಂತು ಬಂತು ಅಂದೆ."

"ಹೌದು."

ಬಸ್ಸು ಬಂತು. ಅವಳು ಹತ್ತಿದಳು.

ಲ್ಯಾಪ್‌ಟಾಪನ್ನು ಶುಕ್ರವಾರವೇ ಶಾಲೆಗೆ ಮರಳಿಸಿದ್ದೆವು. ಪಾಸ್‌ವರ್ಡನ್ನು ನಾನು ಬದಲಿಸಿಲ್ಲ. ರೀಚಾರ್ಜ್ ಮಾಡಿಸಿದ ಆ ಎರಡು ಜಿಬಿಯ ಅವಧಿ ಒಂದು ತಿಂಗಳು. ಸಂಜೆ ಕಂಬಕ್ಕೆ ಫೋನ್ ಕಟ್ಟಿ ಹಾಟ್‌ಸ್ಪಾಟ್ ಹಾಕುತ್ತೇನೆ. ಅಣ್ಣನ ಮನೆ ತೆಂಗಿನ ಸಾಲಿನ ಆಚೆಗಿದೆ. ಅವನು ಈ ದಾರಿಯಲ್ಲಿ ಹಾದುಹೋಗುವಾಗ ಅವನ ಫೋನಿನ ಹೆಸರು ಪಟ್ಟಿಯಲ್ಲಿ ತಾನಾಗಿಯೇ ಮೂಡುತ್ತದೆ, ಅರ್ಧ ನಿಮಿಷ ಇರುತ್ತದೆ. ಅವನು ನಿಲ್ಲುವುದಿಲ್ಲ, ಏನನ್ನೂ ಕೇಳುವುದಿಲ್ಲ. ಹೆಸರು ಅಳಿಸಿಹೋಗುತ್ತದೆ.