ಹುಚ್ಚೀರಯ್ಯನ ತಾಳದ ಬಗ್ಗೆ ಕಂಬಕ್ಕೆ ಹೇಳಿದ್ದು

೧

ಎಲ್ಲಿಂದ ಹಿಡಿಯಲಿ? ತಾಳದ ಸದ್ದಿನಿಂದ ಹಿಡಿಯೋಣವೆಂದರೆ ಕಾಗದಕ್ಕೆ ಸದ್ದಿಲ್ಲ. ಹುಚ್ಚೀರಯ್ಯನಿಂದ ಹಿಡಿಯೋಣವೆಂದರೆ ಅವನು ಎರಡು ದಿನದಿಂದ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಮೊದಲ ಡ್ರಾಫ್ಟಿನಲ್ಲಿ ಅವನನ್ನು ‘ಕೂಟದಲ್ಲಿ ಎಲ್ಲರಿಗೂ ಕಿರಿಕಿರಿ ಮಾಡುವ ಮನುಷ್ಯ’ ಎಂದು ಬರೆದಿದ್ದೆ. ಅದನ್ನು ನಿಮಗೆ ಯಾರು ಹೇಳಿದರು ಎಂದು ಕೇಳಿದ. ಯಾರೂ ಹೇಳಿರಲಿಲ್ಲ. ಹಾಳೆ ಹರಿದು ಹಾಕಿದೆ.

ಸರಿ, ಸೀಮೆಎಣ್ಣೆಯಿಂದ ಶುರುಮಾಡುತ್ತೇನೆ. ಅದಕ್ಕೆ ಮುನಿಸು ಬರುವುದಿಲ್ಲ.

೨

ಅದು ೧೯೪೩. ಎಲ್ಲೋ ನಡೆಯುತ್ತಿದ್ದ ಯುದ್ಧದ ದೆಸೆಯಿಂದ ಬೆಳಕವಾಡಿಯಲ್ಲಿ ಸೀಮೆಎಣ್ಣೆ ಸಿಗದಂತಾಯಿತು. (ಪಕ್ಕದ ಶಿವನಸಮುದ್ರದಲ್ಲಿ ಕರೆಂಟು ಹುಟ್ಟುತ್ತಿತ್ತು, ನಿಜ. ಆದರೆ ಹುಟ್ಟಿದ್ದೆಲ್ಲ ದೂರದೂರಿಗೆ ಹೋಗುತ್ತಿತ್ತು.) ಮರಿಸಿದ್ದಯ್ಯನ ಜಗಲಿಯ ಮೇಲೆ ಪ್ರತಿ ಸೋಮವಾರ ರಾತ್ರಿ ಬುಡ್ಡಿ ಹಚ್ಚಿಕೊಂಡು ನಡೆಯುತ್ತಿದ್ದ ತತ್ವಪದದ ಕೂಟ ಹಗಲಿಗೆ ಬಂತು. ಹೊಲದಿಂದ ಬೇಗ ಬಂದು ಕೂರುವುದು, ಹಾಲು ಕರೆಯುವ ಹೊತ್ತಿಗೆ ಏಳುವುದು.

ತೊಂದರೆ ಶುರುವಾದದ್ದೇ ಇಲ್ಲಿ. ಬುಡ್ಡಿಯ ಬೆಳಕಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಿದ್ದರು, ಯಾರ ಮೋರೆಯೂ ಯಾರಿಗೂ ಬೇಕಿರಲಿಲ್ಲ. ಹಗಲಿನಲ್ಲಿ ಕೂತ ಮೊದಲ ಸೋಮವಾರವೇ ಹುಚ್ಚೀರಯ್ಯ ಒಂದು ಮೋರೆಯನ್ನು ನೋಡಿಬಿಟ್ಟ. ತಂಬೂರಿ ಹಿಡಿದು ಪದ ಹೇಳಿಕೊಡುತ್ತಿದ್ದ ಮರಿಸಿದ್ದಯ್ಯ, ಊರಿಗೇ ಹಿರಿಯ, ಹುಬ್ಬು ಗಂಟಿಕ್ಕಿ ಹುಚ್ಚೀರಯ್ಯನ ಕೈಯನ್ನೇ ನೋಡುತ್ತಿದ್ದ. ನೋಟ ಅಲ್ಲಿಂದ ಆಚೆ ಬದಿಯ ಕರಿಯಯ್ಯನ ಕೈಗೆ ಹೋಯಿತು. ಹೋದದ್ದು ಮತ್ತೆ ಹುಚ್ಚೀರಯ್ಯನ ಕೈಗೇ ಬಂತು.

ಕೂಟದಲ್ಲಿ ತಾಳ ಹಿಡಿಯುವವರು ಇವರಿಬ್ಬರೇ. ಉಳಿದವರು ಸೊಲ್ಲು ಎತ್ತುವವರು, ಅಂದರೆ ಹೇಳಿಕೊಟ್ಟ ಸಾಲನ್ನು ಹಿಂದಿನಿಂದ ಹಾಡುವವರು. ಅವರ ಹೆಸರು ಹೇಳುವುದಿಲ್ಲ, ನಿಮಗೆ ಭಾರವಾದೀತು.

೩

ಹುಚ್ಚೀರಯ್ಯ ನೀರುಗಂಟಿ. ಕೆರೆಯ ತೂಬು ಎತ್ತಿ, ಗದ್ದೆ ಗದ್ದೆಗೆ ನೀರು ತಿರುಗಿಸುವ ಕೆಲಸ. ಮೇಲಿನ ಗದ್ದೆಯವನು ಸಾಲದೆಂದು ಬೈಯುತ್ತಾನೆ, ಕೆಳಗಿನವನು ಬರಲೇ ಇಲ್ಲವೆಂದು ಬೈಯುತ್ತಾನೆ. ಬೈಗುಳ ಅವನಿಗೆ ಹೊಸದಲ್ಲ, ನೇರವಾಗಿ ಬಂದರೆ ತೊಳೆದುಕೊಂಡು ಹೋಗುತ್ತಾನೆ. ಕಂಠವಿಲ್ಲ, ಪದ ನೆನಪಿರುವುದಿಲ್ಲ. ಎಂಟು ವರ್ಷದಿಂದ ಸೋಮವಾರ ಒಂದು ದಿನ ಎರಡು ಕಂಚಿನ ಬಿಲ್ಲೆಗಳ ನೆಪದಲ್ಲಿ ಅವನಿಗೆ ಹತ್ತು ಜನರ ನಡುವೆ ಜಾಗವಿತ್ತು. ಆ ಜಾಗ ಹೋದರೆ ಅವನಿಗೆ ಉಳಿಯುವುದು ತೂಬು ಮತ್ತು ಬೈಗುಳ ಮಾತ್ರ.

ಆದರೆ ಜಗಲಿಯ ಮೇಲೆ ಯಾರೂ ನೇರವಾಗಿ ಬೈಯುವುದಿಲ್ಲ. (ಇಲ್ಲಿ ಕೂಟದ ರೀತಿನೀತಿಗಳ ಒಂದು ಪಟ್ಟಿ ಕೊಡುವ ಆಸೆಯಿತ್ತು. ಪಟ್ಟಿ ಮಾಡಿದರೆ ಸರ್ಕಾರಿ ನೋಟೀಸಿನ ಹಾಗೆ ಕಂಡಿತು. ಕೈಬಿಟ್ಟೆ.) ಪದ ಎತ್ತಿದವನನ್ನು ಕೊನೆಯ ಅಂಕಿತದ ಸಾಲು ಬರುವ ತನಕ ತಡೆಯುವಂತಿಲ್ಲ, ಅವನು ಎಷ್ಟೇ ಹಿಂಸೆ ಕೊಡಲಿ. ಹಿಡಿದವನು ತಾನಾಗಿ ಚಾಪೆಯ ಮೇಲೆ ಇಡುವ ತನಕ ತಾಳ ಇತ್ತ ಕೊಡು ಎನ್ನುವಂತಿಲ್ಲ. ತಪ್ಪು ಮಾಡಿದವನಿಗೆ ತಪ್ಪು ಹೇಳುವಂತಿಲ್ಲ, ಜಗಲಿಯ ಕಂಬ ನೋಡಿಕೊಂಡು ಹೇಳಬೇಕು. ತಪ್ಪು ತೀರಾ ದೊಡ್ಡದಾದರೆ ಹೊಗಳಬೇಕು. ಒಮ್ಮೆ ಪದದುದ್ದಕ್ಕೂ ಕೆಮ್ಮಿದ ನೆಂಟನೊಬ್ಬನಿಗೆ ಇದೇ ಮರಿಸಿದ್ದಯ್ಯ, ಇವತ್ತು ನಿಮ್ಮಿಂದಲೇ ಕಳೆ ಬಂತು ಎಂದಿದ್ದ. ನೆಂಟ ಮತ್ತೆ ಬರಲಿಲ್ಲ.

ಆ ಸೋಮವಾರ ಪದ ಮುಗಿದ ಮೇಲೆ ಮರಿಸಿದ್ದಯ್ಯ ಕಂಬಕ್ಕೆ ಹೇಳಿದ:

“ತಾಳವ ಮಡ್ಲಲ್ಲಿ ಮುಚ್ಚಿಟ್ಕಂಡ್ರೆ ಪದ ಯಾವ ಕಡೀಕ್ ಓಗ್ಬೇಕಪ್ಪ.”

ಹುಚ್ಚೀರಯ್ಯ ಅದನ್ನು ಮನೆಗೆ ಹೊತ್ತುಕೊಂಡು ಹೋದ. ಜೋರಾಗಿ ಹೊಡೆ ಎಂದನೇ? ಹೊಡೆಯಬೇಡ ಎಂದನೇ? ತನಗೆಂದನೇ, ಕರಿಯಯ್ಯನಿಗೆಂದನೇ? ದಾರಿಯಲ್ಲಿ ಕರಿಯಯ್ಯ ಅವನ ಹೆಗಲ ಮೇಲೆ ಕೈ ಹಾಕಿ, “ಬುಡ್ಲಾ, ಯಾರ್ಗೋ ಅಂದ ಅನ್ಕೊ” ಎಂದು ಸಮಾಧಾನ ಮಾಡಿದ್ದ. ಆ ಸಮಾಧಾನವೇ ಅವನನ್ನು ಚುಚ್ಚಿತು. ತಾನೇ ಅದನ್ನು ಕರಿಯಯ್ಯನಿಗೆ ಹೇಳಬೇಕೆಂದಿದ್ದ.

೫

(ನಾಲ್ಕನೆಯದನ್ನು ಹೊಡೆದುಹಾಕಿದೆ. ಅದರಲ್ಲಿ ಇಬ್ಬರಿಗೂ ಜಗಳ ಹಚ್ಚಿದ್ದೆ, ಕ್ಲೈಮ್ಯಾಕ್ಸ್ ಬೇಗ ಬರಲಿ ಎಂದು. ಇಬ್ಬರೂ ಒಪ್ಪಲಿಲ್ಲ.)

ಮುಂದಿನ ಸೋಮವಾರ ಹುಚ್ಚೀರಯ್ಯ ಒಂದು ಉಪಾಯ ಮಾಡಿಕೊಂಡು ಬಂದ. ಕೈಯಾಡಿಸುವುದು, ಆದರೆ ಬಿಲ್ಲೆಗೆ ಬಿಲ್ಲೆ ತಾಗಿಸದಿರುವುದು. ಕರಿಯಯ್ಯನ ತಾಳವೊಂದೇ ಕೇಳಲಿ. ಪದ ನೆಟ್ಟಗೆ ಕೂತರೆ ಕೆಡಿಸುತ್ತಿದ್ದವನು ತಾನು. ತನಗೆ ತಾನೇ ತೀರ್ಪು ಕೊಟ್ಟುಕೊಂಡು, ತಾಳ ಚಾಪೆಯ ಮೇಲಿಟ್ಟು ಎದ್ದುಬಿಡುವುದು.

ಮರಿಸಿದ್ದಯ್ಯ ಪದ ಎತ್ತಿದ. ಹುಚ್ಚೀರಯ್ಯ ಎಲ್ಲರಿಗೂ ಕಾಣಲೆಂದು ಕೈ ಮೇಲೆತ್ತಿ, ದೊಡ್ಡದಾಗಿ ಆಡಿಸತೊಡಗಿದ. ಎರಡು ಸಾಲು ಕಳೆಯಿತು. ಎಲ್ಲೋ ಏನೋ ಕಮ್ಮಿಯಾಗಿದೆ ಅನ್ನಿಸಿ ಆಚೆ ಬದಿ ನೋಡಿದ. ಕರಿಯಯ್ಯನೂ ಗಾಳಿಯಲ್ಲೇ ಆಡಿಸುತ್ತಿದ್ದ.

ಇಬ್ಬರ ಕಣ್ಣೂ ಕೂಡಿದವು. ಈಗ ಹೊಡೆಯಲು ಶುರುಮಾಡಿದರೆ ಇಷ್ಟು ಹೊತ್ತು ಹೊಡೆಯಲಿಲ್ಲವೆಂದು ಗೊತ್ತಾಗುತ್ತದೆ. ನಿಲ್ಲಿಸಿದರೆ ಅಂಕಿತಕ್ಕೆ ಮುಂಚೆ ನಿಲ್ಲಿಸಿದ ತಪ್ಪು. ಸೊಲ್ಲು ಎತ್ತುವವರು ಒಬ್ಬರ ಮೋರೆ ಒಬ್ಬರು ನೋಡಿಕೊಂಡು ಎತ್ತಿದರು. ಮರಿಸಿದ್ದಯ್ಯನ ನೋಟ ಮಾತ್ರ ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಓಡಾಡುತ್ತಿತ್ತು. ಹುಬ್ಬಿನ ಗಂಟು ಸಡಿಲವಾಗಿತ್ತು. ಅಂಕಿತ ಹೇಳಿ ಮುಗಿಸಿ, ತಂಬೂರಿಯನ್ನು ತೊಡೆಯ ಮೇಲಿಟ್ಟು, ಕಂಬವನ್ನಲ್ಲ, ಇವರಿಬ್ಬರನ್ನೇ ನೋಡಿ ಹೇಳಿದ:

“ಇವತ್ತು ತಾಳ ಅಂದ್ರೆ ತಾಳ. ಇಂಗ್ ಇಡೀಬೇಕು ಕಣ್ರಪ್ಪ.”

ಎಂಟು ವರ್ಷದಲ್ಲಿ ಹುಚ್ಚೀರಯ್ಯನ ತಾಳಕ್ಕೆ ಸಿಕ್ಕ ಮೊದಲ ಒಳ್ಳೆಯ ಮಾತು. ಅವನಿಗೆ ಸಂತೋಷವಾಯಿತು, ತಡೆಯಲಾಗಲಿಲ್ಲ. ಆಮೇಲೆ ನಾಚಿಕೆಯಾಯಿತು. ಮನೆ ತಲುಪುವಷ್ಟರಲ್ಲಿ ಭಯ ಹಿಡಿದಿತ್ತು.

೬

ಓದುಗರೇ, ಗಂಟು ಇರುವುದು ಇಲ್ಲಿ. ಬಿಡಿಸಿ ಇಡುತ್ತೇನೆ, ಕಟ್ಟುವುದು ನಿಮಗೆ ಬಿಟ್ಟದ್ದು.

ಒಂದು, ಮರಿಸಿದ್ದಯ್ಯನ ಕಿವಿ ಹೋಗಿದೆ. ತಾಳವನ್ನು ಅವನು ಕೇಳುತ್ತಿಲ್ಲ, ಕೈ ನೋಡಿ ಹಾಡುತ್ತಿದ್ದಾನೆ. ಮಡಿಲಲ್ಲಿ ಇಟ್ಟುಕೊಂಡು ಹೊಡೆದರೆ ಅವನಿಗೆ ಕಾಣುವುದಿಲ್ಲ. ಇನ್ನೊಂದು, ಅವನ ಕಿವಿ ಚೆನ್ನಾಗಿಯೇ ಇದೆ. ಇಬ್ಬರು ದಡ್ಡರು ಗಾಳಿಯಲ್ಲಿ ಕೈಯಾಡಿಸಿದ್ದನ್ನು ಕಂಡು, ಕೆಮ್ಮಿದ ನೆಂಟನಿಗೆ ಮಾಡಿದ ಹಾಗೆ ಹೊಗಳಿ ಓಡಿಸುತ್ತಿದ್ದಾನೆ. ನೀವು ಹೊಡೆಯದಿದ್ದರೇ ಚೆಂದ ಎಂದು ಇದಕ್ಕಿಂತ ಮರ್ಯಾದೆಯಾಗಿ ಹೇಳುವುದು ಹೇಗೆ?

ಎರಡನೆಯದಾದರೆ ಹುಚ್ಚೀರಯ್ಯ ಮತ್ತೆ ಆ ಜಗಲಿ ಹತ್ತುವಂತಿಲ್ಲ. ಮೊದಲನೆಯದಾದರೆ ಬಿಟ್ಟುಬರುವಂತಿಲ್ಲ. ಯಾವುದೆಂದು ಸೋಮವಾರದೊಳಗೆ ತಿಳಿಯಬೇಕು.

(ಕಿವಿ ಹೋದವನು ಕತ್ತಲಲ್ಲಿ ಹೇಗೆ ಹಾಡುತ್ತಿದ್ದ ಎಂದು ಜಾಣ ಓದುಗರೊಬ್ಬರು ಕೈ ಎತ್ತಿರುವುದು ಕಾಣುತ್ತಿದೆ. ನನಗೆ ಗೊತ್ತಿಲ್ಲ. ವಯಸ್ಸಾದವರಿಗೆ ಮೊದಲು ಹೋಗುವುದು ಸಣ್ಣ ಕಂಚಿನ ಸದ್ದೇ, ಅದೂ ಮೆಲ್ಲಗೆ ಹೋಗುತ್ತದೆ ಎಂದು ಡಾಕ್ಟರ್ ಗೆಳೆಯರೊಬ್ಬರು ಹೇಳಿದರು. ಅವರೂ ಖಚಿತವಾಗಿ ಹೇಳಲಿಲ್ಲ. ದಯವಿಟ್ಟು ಕೈ ಇಳಿಸಿ.)

೭

ತನ್ನ ತಾಳ ಹೇಗೆಂದು ಹುಚ್ಚೀರಯ್ಯ ಹೆಂಡತಿ ಪುಟ್ಟಮಾದಮ್ಮನನ್ನು ಕೇಳಿದ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಾ, ಎಂಟು ವರ್ಷ ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದಳು. ಈಗ ಕೇಳುತ್ತಿದ್ದೇನಲ್ಲ ಎಂದ.

“ನಿಂಗೆ ತಾಳ ಬತ್ತದೋ ಇಲ್ವೋ ನಂಗ್ ಗೊತ್ತಿಲ್ಲ. ಸೋಮವಾರ ರಾತ್ರಿ ನೀನ್ ಗೊಣಗ್ದೆ ಉಣ್ತೀಯೆ. ಅಷ್ಟ್ ಗೊತ್ತು.”

ಅದು ಅವನಿಗೆ ಉತ್ತರವಾಗಿ ಕಾಣಲಿಲ್ಲ. ನನಗೆ ಕಂಡಿತ್ತು, ಅಲ್ಲಿಗೇ ಕತೆ ಮುಗಿಸೋಣವೆಂದೂ ಇದ್ದೆ. ಅವನು ಕೇಳದೆ ಎದ್ದು ಹೊರಟುಬಿಟ್ಟ.

ಮಾರನೆಯ ಬೆಳಗ್ಗೆ ಕೆರೆಯ ಏರಿಯ ಮೇಲೆ ಮರಿಸಿದ್ದಯ್ಯ ಹೋಗುತ್ತಿದ್ದ. ಇಪ್ಪತ್ತು ಮಾರು ಹಿಂದೆ ಹುಚ್ಚೀರಯ್ಯ. ಒಂದು ಸಲ ಕೂಗಿ ನೋಡಿದರೆ ಆಯಿತು. ಆದರೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಹೋದ ಕೆಲಸ ಕೆಡುತ್ತದೆ. ಹುಚ್ಚೀರಯ್ಯ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಪಾಪ ಬಂದರೆ ಬರಲಿ ಎಂದು ಕೂಗಿದ.

“ಸಿದ್ದಣ್ಣಾ.”

ಮರಿಸಿದ್ದಯ್ಯ ತಿರುಗಲಿಲ್ಲ. ಹೆಜ್ಜೆಯೂ ತಪ್ಪಲಿಲ್ಲ. ಗೊತ್ತಾಯಿತು ಎಂದುಕೊಂಡ ಹುಚ್ಚೀರಯ್ಯ ಹತ್ತು ಹೆಜ್ಜೆ ಹಾಕಿದ ಮೇಲೆ ನಿಂತುಬಿಟ್ಟ. ಹಿಂದಿನಿಂದ ಕೂಗಿದರೆ ತಿರುಗಬಾರದೆಂಬುದೂ ಇದೆಯಲ್ಲ. ಊರಿನಲ್ಲಿ ಅದನ್ನು ಬಿಡದೆ ಪಾಲಿಸುವವನು ಮರಿಸಿದ್ದಯ್ಯನೇ.

೮

ಇಲ್ಲಿ ಎರಡು ಮುಕ್ತಾಯ ಬರೆದಿದ್ದೆ.

ಅ. ಹುಚ್ಚೀರಯ್ಯ ತಾಳವನ್ನು ಚಾಪೆಯ ಮೇಲಿಟ್ಟು ಎದ್ದು ಹೋಗುತ್ತಾನೆ. ಮರಿಸಿದ್ದಯ್ಯ ಪದವನ್ನು ನಡುವೆಯೇ ನಿಲ್ಲಿಸಿ ಅವನ ಹೆಸರು ಹಿಡಿದು ಕೂಗುತ್ತಾನೆ. (ಬಹಳ ಸಿನಿಮಾ.)

ಆ. ಹುಚ್ಚೀರಯ್ಯ ಎಲ್ಲರೆದುರು ಎದ್ದು ನಿಂತು, ತಪ್ಪು ತಾಳದ್ದಲ್ಲ, ಸಿದ್ದಣ್ಣನ ಕಿವಿಯದ್ದು ಎಂದುಬಿಡುತ್ತಾನೆ. ಅವನ ಜಾಗ ಗಟ್ಟಿಯಾಗುತ್ತದೆ.

ಎರಡನೆಯದನ್ನು ಹುಚ್ಚೀರಯ್ಯನಿಗೆ ಓದಿ ಹೇಳಿದೆ. ಅವನು ತಗ್ಗಿದ ದನಿಯಲ್ಲಿ ಹೇಳಿದ.

“ಬ್ಯಾಡಿ ಸ್ವಾಮಿ. ಕಿವಿ ವಿಸ್ಯ ಬರೀಬ್ಯಾಡಿ. ನಾಳೀಕೆ ತಂಬೂರಿ ಇನ್ನೊಬ್ರ ಕೈಗೆ ಕೊಡಿ ಅಂತಾರೆ. ನಂಗೊಂದ್ ತೂಬಾದ್ರೂ ಅದೆ. ಅವ್ನಿಗೇನದೆ?”

ಬರೆದಾಗಿದೆಯಲ್ಲ ಎಂದೆ. ಹಂಗಾದರೆ ಅನುಮಾನ ಉಳಿಯುವ ಹಾಗೆ ಬರೆಯಿರಿ ಎಂದ. ನಿನಗೆ ಅನುಮಾನ ಇಲ್ಲವೇ ಎಂದು ಕೇಳಿದೆ. ಅದೆ ಸ್ವಾಮಿ, ಬೇಕಾದಷ್ಟು ಅದೆ, ಎಂದ.

೯

ಸೋಮವಾರ ಅವನು ಎಲ್ಲರಿಗಿಂತ ಮೊದಲು ಹೋದ. ಬದಿಯಲ್ಲಿ ಕೂರಲಿಲ್ಲ. ಮರಿಸಿದ್ದಯ್ಯನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಹಾಗೆ ಯಾರೂ ಕೂರುವುದಿಲ್ಲ. ಪದ ಶುರುವಾದದ್ದೇ ತಾಳವನ್ನು ಹಿರಿಯನ ಮೋರೆಯ ಮಟ್ಟಕ್ಕೆ ಎತ್ತಿ, ಕೈ ಅಗಲಿಸಿ ಅಗಲಿಸಿ, ಬಿಲ್ಲೆ ಸೀಳುವ ಹಾಗೆ ಹೊಡೆಯತೊಡಗಿದ. ಕಾಣದಿದ್ದರೆ ಕೇಳಲಿ, ಕೇಳದಿದ್ದರೆ ಕಾಣಲಿ. ಸೊಲ್ಲು ಎತ್ತುವವರ ದನಿ ಅದರಲ್ಲಿ ಮುಳುಗಿಹೋಯಿತು. ಒಬ್ಬ ಕಿವಿ ಮುಚ್ಚಿಕೊಂಡ. ಕರಿಯಯ್ಯ ತನ್ನ ತಾಳವನ್ನು ಚಾಪೆಯ ಮೇಲಿಟ್ಟು ಕಂಬಕ್ಕೆ ಹೇಳಿದ, ಪದ ನಡೆಯುತ್ತಿರುವಾಗಲೇ:

“ಮದ್ಲೆಲ್ಲ ಈ ಜಗ್ಲಿಗೊಂದು ಮಾನ ಮರ್ವಾದೆ ಇತ್ತು.”

ಅದು ತನಗೇ ಎಂದು ಹುಚ್ಚೀರಯ್ಯನಿಗೆ ಗೊತ್ತಾಯಿತು. ಅಷ್ಟು ದಿನದಲ್ಲಿ ಅವನಿಗೆ ಸಂಶಯವಿಲ್ಲದೆ ಗೊತ್ತಾದದ್ದು ಅದೊಂದೇ, ಮತ್ತು ಯಾಕೋ ಎದೆ ಹಗುರಾಯಿತು. ಈಗ ಕೂಟದಲ್ಲಿ ಎಲ್ಲರಿಗೂ ಕಿರಿಕಿರಿ ಮಾಡುವ ಮನುಷ್ಯ ಅವನೇ. ಕೈ ಇಳಿಸಲಿಲ್ಲ.

ಮರಿಸಿದ್ದಯ್ಯನ ಮೋರೆ ಹೇಗಿತ್ತು? ಹೇಳಬೇಕೆಂದು ನನಗೂ ಗೊತ್ತು. ಮೂರು ಥರ ಬರೆದೆ. ಒಂದರಲ್ಲಿ ಅವನು ಎದುರಿನ ಕೈಗಳನ್ನು ನೋಡುತ್ತಾ, ಕಣ್ಣಲ್ಲಿ ನೀರು ತಂದುಕೊಂಡು ಹಾಡುತ್ತಿದ್ದ. ಇನ್ನೊಂದರಲ್ಲಿ ತಾಳಲಾರದೆ ಕಣ್ಣು ಮುಚ್ಚಿಕೊಂಡಿದ್ದ. ಮೂರನೆಯದರಲ್ಲಿ ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಹುಚ್ಚೀರಯ್ಯ ಹೊಡೆಯುತ್ತಲೇ ಒಮ್ಮೆ ನನ್ನ ಕಡೆ ತಿರುಗಿ, ಬೇಡ ಎನ್ನುವ ಹಾಗೆ ತಲೆಯಾಡಿಸಿದ. ಮೂರನ್ನೂ ಹೊಡೆದುಹಾಕಿದೆ.

ಅವುಗಳಲ್ಲಿ ಯಾವುದು ನಿಜವೆಂದು ಈಗಲೂ ನನಗೆ ತಿಳಿಯದು. ತಿಳಿದಿದ್ದರೂ, ಆ ಮನುಷ್ಯ ಹಾಗೆ ಕೈ ಎತ್ತಿಕೊಂಡು ಕೂತಿರುವಾಗ ನಿಮಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.